ಗಣಕವೆಂಬ ಲಿಪಿಕಾರ

ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ಊರುಗಳು ಒಂದರ ಮಗ್ಗುಲಲ್ಲೊಂದು ಇದ್ದರೂ ಕಾಗದಪತ್ರಗಳಲ್ಲಿ ಅವುಗಳ ಪಾಡು ಒಂದೇ ಬಗೆಯದಾಗಿರಲಿಲ್ಲ. ಯಳಂದೂರು ಮೈಸೂರು ಸಂಸ್ಥಾನದೊಳಗಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಕೊಳ್ಳೇಗಾಲವು 1956ರ ನವೆಂಬರ್ 1ನೆಯ ತಾರೀಖಿನವರೆಗೂ ಮದರಾಸಿನ ಆಡಳಿತಕ್ಕೆ ಒಳಪಟ್ಟ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದಿತು. ರೈಸ್ ಸಾಹೇಬರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳು ದೊರೆಯುವುವು. ಗಡಿಯಾಚೆಗಿದ್ದ ಕೊಳ್ಳೇಗಾಲದವು ದೊರೆಯುವುದಿಲ್ಲ. ಹನೂರು ಬಹುಕಾಲ ಕೊಳ್ಳೇಗಾಲದ ಒಂದು ಹೋಬಳಿ ಮಾತ್ರವಾಗಿದ್ದು, ತಾಲ್ಲೂಕಿನ ಪದವಿಯನ್ನು ಪಡೆದದ್ದು ತೀರ ಈಚೆಗೆ. ಈ ಮೂರು ಹೆಸರುಗಳು ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ, ಅಚ್ಚಿನಿಂದ ಗಣಕಕ್ಕೆ, ಗಣಕದೊಳಗೇ ಒಂದು ಸಂಕೇತದಿಂದ ಮತ್ತೊಂದು ಸಂಕೇತಕ್ಕೆ ದಾಟಿಬಂದಿವೆ. ದಾಟಿಸಿದವನು ಪ್ರತಿಸಲವೂ ಲಿಪಿಕಾರನೇ. ಕಡೆಯ ದಾಟಿನಲ್ಲಿ ಮಾತ್ರ ಆ ಲಿಪಿಕಾರನು ಮನುಷ್ಯನಲ್ಲ.

ಹಳೆಯ ಲಿಪಿಕಾರನ ಗುಣದೋಷಗಳು ಗ್ರಂಥಸಂಪಾದಕರಿಗೆ ಚೆನ್ನಾಗಿ ಪರಿಚಿತವಾದುವು. ಓಲೆಯಲ್ಲಿ ಪದಪದಗಳ ನಡುವೆ ತೆರಪಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದ ತೋರಿಸುವ ವಾಡಿಕೆ ಇರಲಿಲ್ಲ. ವಕಾರ, ಪಕಾರ, ಮಕಾರಗಳು ಒಂದರಂತೆ ಒಂದು ಕಾಣುವುವು. ಮಂದವಾದ ಬೆಳಕಿನಲ್ಲಿ ಕುಳಿತ ಲಿಪಿಕಾರನು ಮಕಾರವನ್ನು ವಕಾರವೆಂದು ತಿಳಿದು ಬರೆದರೆ ಆ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಹಬ್ಬುವುದು. ಯಳಂದೂರಿನವಳಾದ ಸಂಚಿಯ ಹೊನ್ನಮ್ಮನು ಚಿಕದೇವರಾಜ ಒಡೆಯರ ಕಾಲದಲ್ಲಿ (1673-1704) ರಚಿಸಿದ ಹದಿಬದೆಯ ಧರ್ಮವೂ, ಅದೇ ಊರಿನ ಮಠದೊಡನೆ ಹೆಸರು ಬೆಸೆದ ಷಡಕ್ಷರದೇವನ ರಾಜಶೇಖರವಿಳಾಸವೂ ಇಂತಹ ಕೈಗಳನ್ನು ಹಾದೇ ಬಂದುವು. ಆದರೆ ಪದ್ಯಕ್ಕೆ ಒಂದು ಕಾವಲುಂಟು. ಕನ್ನಡ ಪದ್ಯದ ಪಾದಪಾದಕ್ಕೂ ಎರಡನೆಯ ಅಕ್ಷರವು ಪ್ರಾಸಬದ್ಧವಾಗಿರುವುದರಿಂದ ಆ ಸ್ಥಾನದಲ್ಲಿ ಅಕ್ಷರ ಕೆಟ್ಟರೆ ಒಡನೆಯೇ ಗೊತ್ತಾಗುವುದು. ಮಾತ್ರೆ ಕೆಟ್ಟರೆ ಕಿವಿಗೆ ತಿಳಿಯುವುದು. ಗದ್ಯಕ್ಕೂ ಲೆಕ್ಕದ ಕಡತಕ್ಕೂ ಜಮೀನಿನ ದಾಖಲೆಗೂ ಇಂತಹ ಕಾವಲು ಯಾವುದೂ ಇಲ್ಲ. ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಕಂಡಂತೆಯೇ ಬರೆದಿರುವುದಾಗಿಯೂ ತಪ್ಪಿದ್ದರೆ ತಮ್ಮನ್ನು ದೂಷಿಸಬಾರದಾಗಿಯೂ ಬಿನ್ನವಿಸಿಕೊಳ್ಳುವ ಸಂಪ್ರದಾಯವಿತ್ತು. ಗಣಕಕ್ಕೆ ಬಾಯಿ ಬಂದಿದ್ದರೆ ಅದೂ ಇದೇ ಬಿನ್ನಹವನ್ನು ಮಾಡಿಕೊಳ್ಳುತ್ತಿತ್ತು.

ಒಂದು ಅಕ್ಷರದ ಸ್ಥಾನದಲ್ಲಿ ಮತ್ತೊಂದನ್ನು ತಂದಿಡುವ ಕಾರ್ಯವನ್ನು ನಮ್ಮ ಶಾಸ್ತ್ರಕಾರರು ಆದೇಶವೆಂದು ಕರೆದರು. ತೊಲಗುವ ಅಕ್ಷರ ಸ್ಥಾನಿ, ಬರುವ ಅಕ್ಷರ ಆದೇಶ. ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಪಾಣಿನಿಯು ಇದಕ್ಕೆ ವಿಭಕ್ತಿಗಳಿಂದಲೇ ಒಂದು ಏರ್ಪಾಡು ಮಾಡಿದನು: ಸ್ಥಾನಿಯು ಷಷ್ಠಿಯಲ್ಲಿ, ಆದೇಶವು ಪ್ರಥಮೆಯಲ್ಲಿ, ಯಾವುದು ಪರದಲ್ಲಿರಬೇಕೋ ಅದು ಸಪ್ತಮಿಯಲ್ಲಿ, ಯಾವುದು ಹಿಂದೆ ಇರಬೇಕೋ ಅದು ಪಂಚಮಿಯಲ್ಲಿ. ದಧಿ, ಅತ್ರ ಎಂಬೆರಡು ಪದಗಳು ದಧ್ಯತ್ರ ಎಂದಾಗುವುದು ಹೀಗೆ. ಕನ್ನಡದಲ್ಲಿ ಮಳೆ, ಕಾಲ ಎಂಬುವು ಮಳೆಗಾಲವಾಗುವುದನ್ನು ಬಾಲಕರೂ ಬಲ್ಲರು. ಮತ್ತೊಂದು ನಿಯಮವೂ ಉಂಟು. ಉತ್ಸರ್ಗವೆಂಬ ಸಾಮಾನ್ಯವಿಧಿಗೆ ಅಪವಾದವೆಂಬ ವಿಶೇಷವಿಧಿಯು ಬಾಧಕವಾಗುವುದು. ಎಂದರೆ ಎರಡೂ ಹತ್ತುವೆಡೆಯಲ್ಲಿ ವಿಶೇಷವೇ ಗೆಲ್ಲುವುದು. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬ ವಿದ್ವಾಂಸನು, ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಒಂದು ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಅಮೆರಿಕದ ಗಣಕಶಾಸ್ತ್ರದ ಪತ್ರಿಕೆಯೊಂದಕ್ಕೆ ಬರೆದನು. ಈ ಮಾತನ್ನು ಹಿಡಿದು ಗಣಕವೇ ನಮ್ಮಲ್ಲಿ ಹುಟ್ಟಿತೆಂದು ಹೆಮ್ಮೆಪಡುವುದು ಹುಡುಗಾಟ. ಆದರೆ ಪಾಠಶಾಲೆಯಲ್ಲಿ ಅಪವಾದವೆಂದರೇನೆಂದು ಕಲಿತವನಿಗೆ ಮುಂದಿನ ವೃತ್ತಾಂತವು ಬೇಗ ಅರ್ಥವಾಗುವುದು.

ಗಣಕದಲ್ಲಿ ಕಡತವನ್ನು ಓದಿ, ಬೇಕಾದೆಡೆ ಒಂದು ಪಾಠವನ್ನು ತೆಗೆದು ಇನ್ನೊಂದನ್ನು ಇಡುವ ಸಾಧನಗಳು 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದುವು. ಸೆಡ್, ಆಕ್ ಎಂಬುವು ಅವುಗಳಲ್ಲಿ ಹೆಸರಾದುವು. 1987ರಲ್ಲಿ ಲ್ಯಾರಿ ವಾಲ್ ಎಂಬಾತನು ಪರ್ಲ್ ಎಂಬ ಭಾಷೆಯನ್ನೂ, 1991ರಲ್ಲಿ ಗೀಡೊ ವಾನ್ ರಾಸಮ್ ಎಂಬಾತನು ಪೈಥಾನ್ ಎಂಬ ಭಾಷೆಯನ್ನೂ ಹೊರತಂದರು. ಇವನ್ನು ಸ್ಕ್ರಿಪ್ಟಿಂಗ್ ಭಾಷೆಗಳೆನ್ನುವರು. ಹತ್ತಿಪ್ಪತ್ತು ಸಾಲುಗಳ ಆಜ್ಞೆಯನ್ನು ಬರೆದುಕೊಟ್ಟರೆ ಸಾಕು, ಗಣಕವು ಕಡತವನ್ನು ತೆರೆದು, ಸಾಲುಸಾಲಾಗಿ ಓದಿ, ಆದೇಶಗಳನ್ನು ನಡಸಿ, ಫಲವನ್ನು ಬೇರೊಂದು ಕಡತದಲ್ಲಿ ಬರೆದಿಡುವುದು. ಲಿಪಿಕಾರನಿಗೆ ಒಂದು ಮಾಸ ಹಿಡಿಯುತ್ತಿದ್ದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು. ತಪ್ಪೂ ಅಷ್ಟೇ ಬೇಗ ಸಾವಿರ ಪುಟಗಳಿಗೆ ಹಬ್ಬುವುದು.

ಕನ್ನಡಕ್ಕೆ ಈ ಸಾಧನದ ಅಗತ್ಯ ಬಿದ್ದುದು ಒಂದು ಇಕ್ಕಟ್ಟಿನಿಂದ. ಗಣಕವು ಅಕ್ಷರವೊಂದಕ್ಕೆ ಒಂದು ಅಂಕೆಯನ್ನು ಗುರುತಾಗಿ ಇಟ್ಟುಕೊಳ್ಳುವುದು. ಮೊದಮೊದಲು ಅಂತಹ ಸ್ಥಾನಗಳು 256 ಮಾತ್ರವಿದ್ದು, ಅವುಗಳಲ್ಲಿ ಹಲವು ಬೇರೆ ಕಾರ್ಯಗಳಿಗೆ ಮೀಸಲಾಗಿದ್ದುವು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡದ ರೂಪಗಳು ಸಾವಿರಾರು. ಕೆ. ಪಿ. ರಾಯರಂತಹ ಪ್ರವರ್ತಕರು ಕೀಲಿಮಣೆಯ ಸಮಸ್ಯೆಯನ್ನು ಧ್ವನಿಕ್ರಮದಿಂದ ಸುಲಭಮಾಡಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹವೂ, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಯೂ ಮನೆಮನೆಗೆ ಬಂದುವು. ಈ ತಂತ್ರಾಂಶಗಳ ಅಕ್ಷರಮಾದರಿಗಳು ಅಕ್ಷರಗಳನ್ನಲ್ಲ, ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದುವು. ಇಂಗ್ಲಿಷಿನ ಪಿ ಇದ್ದೆಡೆ ತಲೆಕಟ್ಟಿಲ್ಲದ ಕಕಾರ. ತಲೆಕಟ್ಟಿಗೆ ಬೇರೊಂದು ಸ್ಥಾನ. ಗುಡಿಸು ಬಂದಾಗ ರೂಪವೇ ಬೇರೆಯಾಗುವುದರಿಂದ ಕಿ ಎಂಬುದಕ್ಕೆ ಕ್ಯೂ ಎಂಬ ಪ್ರತ್ಯೇಕ ಸ್ಥಾನ. ಅಚ್ಚುಮೊಳೆಗಳನ್ನು ಜೋಡಿಸುವವನ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ. ಕಾಗದದ ಮೇಲೆ ಬಂದ ಅಕ್ಷರಗಳು ಸುಂದರವಾಗಿದ್ದುವು. ಲಗ್ನಪತ್ರಿಕೆ, ಕರಪತ್ರ, ಸ್ಮರಣಸಂಚಿಕೆ, ಕವನಸಂಕಲನ, ಪಿಎಚ್.ಡಿ. ಪ್ರಬಂಧ ಎಲ್ಲವೂ ಅವುಗಳಲ್ಲೇ ಸಿದ್ಧವಾದುವು. ಆದರೆ ಆ ಅಕ್ಷರಮಾದರಿ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಕನ್ನಡವೇ ಇಲ್ಲ. ತಲೆಬುಡವಿಲ್ಲದ ಪರದೇಶದ ಅಕ್ಷರಗಳ ರಾಶಿ ಮಾತ್ರ.

1991ರಲ್ಲಿ ಯೂನಿಕೋಡ್ ಎಂಬ ವಿಶ್ವಸಂಕೇತವು ಪ್ರಕಟವಾದಾಗ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನೇ ಬಿಟ್ಟುಕೊಟ್ಟಿತು. ಅಲ್ಲಿ ಇರುವುದು ತುಂಡುಗಳಲ್ಲ, ವರ್ಣಗಳು. ಅವುಗಳ ಕ್ರಮವು ಕಣ್ಣಿನದಲ್ಲ, ಉಚ್ಚಾರಣೆಯದು. ಇದು ಬಳಕೆಗೆ ಬರುವಷ್ಟರಲ್ಲಿ ಒಂದು ತಲೆಮಾರಿನ ಬರಹವೆಲ್ಲ ಹಳೆಯ ಸಂಕೇತದಲ್ಲಿ ಕೂಡಿಬಿದ್ದಿದ್ದಿತು. ಅದನ್ನು ಹೊಸದಕ್ಕೆ ದಾಟಿಸದಿದ್ದರೆ ಹುಡುಕಲು ಬಾರದು, ವಿಂಗಡಿಸಲು ಬಾರದು. ಹಳೆಯ ಯಂತ್ರಗಳು ಕೆಟ್ಟ ದಿನ ಓದಲೂ ಬಾರದು. ಆದುದರಿಂದ ಕನ್ನಡದ ಉತ್ಸಾಹಿ ತಂತ್ರಜ್ಞರು ಪೈಥಾನ್ ಮೊದಲಾದ ಭಾಷೆಗಳಲ್ಲಿ ಪರಿವರ್ತಕಗಳನ್ನು ಬರೆದು ಸರ್ವರಿಗೂ ಉಚಿತವಾಗಿ ಕೊಟ್ಟರು. ಈ ಪರಿವರ್ತಕವು ಮಾಡತಕ್ಕ ಕೆಲಸ ಎಂತಹುದೆಂಬುದನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. ನಮ್ಮ ಮೂರು ಊರುಗಳ ಹೆಸರೇ ಮೂರು ಪಾಠಗಳಾಗಿವೆ.

ಹನೂರು ಸಾಧುವಾದ ಹೆಸರು. ಹಳೆಯ ಸಂಕೇತದಲ್ಲಿ ಅದಕ್ಕೆ ಎಂಟು ತುಂಡುಗಳು. ಹೊಸದರಲ್ಲಿ ಐದು ವರ್ಣಚಿಹ್ನೆಗಳು. ತುಂಡುಗಳು ಬಂದ ಕ್ರಮವೂ ಉಚ್ಚಾರಣೆಯ ಕ್ರಮವೂ ಒಂದೇ ಆಗಿರುವುದರಿಂದ ಕೋಷ್ಟಕವನ್ನು ನೋಡಿ ಒಂದರ ಬದಲು ಒಂದನ್ನು ಇಟ್ಟುಕೊಂಡು ಹೋದರೆ ಸಾಕು.

ಯಳಂದೂರು ಹಾಗಲ್ಲ. ಹಳೆಯ ಸಂಕೇತದಲ್ಲಿ ಯಕಾರಕ್ಕೆ ಸ್ವಂತ ಸ್ಥಾನವಿಲ್ಲ. ಸೊನ್ನೆ, ಒಂದು ನಡುತುಂಡು, ತಲೆಕಟ್ಟು, ಕೊಂಬು ಎಂಬ ನಾಲ್ಕನ್ನು ಕೂಡಿಸಿ ಅದನ್ನು ಕಟ್ಟಿದ್ದಾರೆ. ಆ ಸೊನ್ನೆಯ ಸ್ಥಾನ ಇಂಗ್ಲಿಷಿನ ದೊಡ್ಡ ಎ. ಅನುಸ್ವಾರಕ್ಕೂ ಅದೇ ಸ್ಥಾನ. ಹೀಗಾಗಿ ಯಳಂದೂರು ಎಂದು ಬರೆದಾಗ ಆ ಚಿಹ್ನೆಯು ಎರಡು ಸಲ ಬರುವುದು: ಮೊದಲು ಯಕಾರದ ಅಂಗವಾಗಿ, ಆಮೇಲೆ ದಕಾರದ ಹಿಂದಿನ ಬಿಂದುವಾಗಿ. ಅವಸರಗಾರನು ಬರೆದ ಸ್ಕ್ರಿಪ್ಟ್ ಮೊದಲು ಚಿಕ್ಕ ಆದೇಶವನ್ನು ನಡಸಿದರೆ ಊರಿನ ಹೆಸರು ಅನುಸ್ವಾರದಿಂದಲೇ ಆರಂಭವಾಗುವುದು; ಯಕಾರದ ಉಳಿದ ತುಂಡುಗಳು ಬಾಲವಿಲ್ಲದ ಹಾವಿನಂತೆ ನಡುದಾರಿಯಲ್ಲಿ ಬೀಳುವುವು. ಆದುದರಿಂದ ನಾಲ್ಕು ತುಂಡುಗಳ ಗುಂಪನ್ನು ಮೊದಲು ಹುಡುಕಬೇಕು; ಅದು ಸಿಕ್ಕದಿದ್ದರೆ ಮೂರು, ಆಮೇಲೆ ಎರಡು, ಕಡೆಗೆ ಒಂದು. ತಂತ್ರಜ್ಞರು ಇದನ್ನು ದೀರ್ಘತಮ ಹೊಂದಿಕೆಯ ನಿಯಮವೆನ್ನುವರು. ಅಪವಾದವು ಉತ್ಸರ್ಗವನ್ನು ಬಾಧಿಸುವುದೆಂದು ಪಾಠಶಾಲೆಯ ವಿದ್ಯಾರ್ಥಿ ಹೇಳುವನು. ಹದಿಮೂರು ತುಂಡುಗಳ ಯಳಂದೂರು ಹೀಗೆ ಏಳು ಚಿಹ್ನೆಗಳಾಗಿ ನೆಟ್ಟಗಾಗುವುದು.

ಎಲ್ಲಕ್ಕಿಂತ ತೊಡಕಿನದು ಕೊಳ್ಳೇಗಾಲ. ಇದರ ಮೊದಲಕ್ಷರವನ್ನು ಕೆ ಎಂದು ಬರೆದು ಬಳಿಕ ಊತ್ವದ ಇಳಿಯನ್ನು ಸೇರಿಸುವರು. ಹನೂರಿನ ನೂಕಾರದಲ್ಲಿ ಬರುವುದೂ ಇದೇ ಇಳಿ. ಅಲ್ಲಿ ಅದು ಊಕಾರ, ಇಲ್ಲಿ ಒಕಾರದ ಅರ್ಧ. ಇದು ಯಳಂದೂರಿನ ತೊಡಕೇ. ಹೊಸ ತೊಡಕು ಎರಡನೆಯ ಅಕ್ಷರದಲ್ಲಿದೆ. ಕೈಯಿಂದ ಬರೆಯುವಾಗ ಳಕಾರಕ್ಕೆ ಮೊದಲು ಎತ್ವವನ್ನು ಕೊಟ್ಟು, ಕೆಳಗೆ ಳಕಾರದ ಒತ್ತನ್ನು ಹಾಕಿ, ಕೊನೆಯಲ್ಲಿ ದೀರ್ಘವನ್ನು ಎಳೆಯುವುದಷ್ಟೆ? ಹಳೆಯ ಸಂಕೇತವು ಈ ಲೇಖನಕ್ರಮವನ್ನೇ ಹಿಡಿದಿದೆ: ಳೆ, ಒತ್ತು, ದೀರ್ಘ. ಬಾಯಿ ಹೇಳುವುದು ಬೇರೆ: ಳ್, ಳ್, ಆಮೇಲೆ ಏ. ಸ್ವರದ ಎರಡು ಭಾಗಗಳು ಒತ್ತಿನ ಆಚೆಗೊಂದು ಈಚೆಗೊಂದು ಬಿದ್ದಿವೆ. ಆದುದರಿಂದ ಇಲ್ಲಿ ಬರಿಯ ಆದೇಶದಿಂದ ಕಾರ್ಯಸಿದ್ಧಿಯಿಲ್ಲ. ಸ್ವರವನ್ನು ಎತ್ತಿಟ್ಟುಕೊಂಡು, ಒತ್ತನ್ನು ಮೊದಲು ಕೂರಿಸಿ, ದೀರ್ಘವನ್ನು ಕೂಡಿಸಿಕೊಂಡು, ಸ್ವರವನ್ನು ಕೊನೆಯಲ್ಲಿ ಇಡಬೇಕು. ಹಾಗೆ ಮಾಡದ ಪರಿವರ್ತಕದಿಂದ ಹೊರಬಂದ ಕೊಳ್ಳೇಗಾಲದಲ್ಲಿ ಚುಕ್ಕೆಚುಕ್ಕೆಯ ವೃತ್ತವೊಂದು ಕಾಣಿಸಿಕೊಂಡು, ಒತ್ತು ನಿರಾಧಾರವಾಗಿ ನೇತಾಡುವುದು. ಯಳಂದೂರಿನ ಜಹಗೀರುದಾರರ ಹೆಸರಿಗೂ ಇದೇ ಬಗೆಯ ಉಪಚಾರ ಬೇಕು: ಪೂರ್ಣಯ್ಯ ಎಂಬಲ್ಲಿ ಅರ್ಕಾವತ್ತನ್ನು ಣಕಾರದ ಅನಂತರ ಬರೆಯುವೆವು, ಅದಕ್ಕೆ ಮೊದಲು ಉಚ್ಚರಿಸುವೆವು.

ಹೊಸ ಸಂಕೇತಕ್ಕೆ ಬಂದ ಮಾತ್ರಕ್ಕೆ ಕೊಳ್ಳೇಗಾಲದ ಕಷ್ಟ ಮುಗಿಯಿತೆಂದಲ್ಲ. ಯೂನಿಕೋಡಿನಲ್ಲಿ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಜೋಡಿಯಾಗಿಯೂ ಬರೆಯಬಹುದು, ಏತ್ವಕ್ಕೂ ಹಾಗೆಯೇ. ಆದುದರಿಂದ ಒಂದೇ ಹೆಸರು ಒಂಬತ್ತು ಚಿಹ್ನೆಗಳಲ್ಲಿಯೂ ಇರಬಹುದು, ಹನ್ನೊಂದರಲ್ಲಿಯೂ ಇರಬಹುದು. ಕಣ್ಣಿಗೆ ಎಳ್ಳಷ್ಟೂ ಭೇದವಿಲ್ಲ. ಗಣಕಕ್ಕೆ ಅವು ಎರಡು ಊರುಗಳು. ಹುಡುಕುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕೆಂದು ಬಲ್ಲವರು ಎಚ್ಚರಿಸುವರು.

ಹನೂರು ಸಾಧುವಾದ ಹೆಸರೆಂದು ಮೇಲೆ ಹೇಳಿದುದು ಊರಿನ ಹೆಸರಿಗೆ ಸಲ್ಲುವ ಮಾತು. ಆ ತಾಲ್ಲೂಕಿನ ದೇವರ ಹೆಸರಿಗೆ ಸಲ್ಲದು. ಹಳೆಯ ಸಂಕೇತದಲ್ಲಿ ಮಕಾರವೂ ಸ್ವತಂತ್ರವಲ್ಲ. ವಕಾರಕ್ಕೆ ಕೊಂಬೊಂದನ್ನು ಹಚ್ಚಿದರೆ ಅದು ಮಕಾರವೆನಿಸುವುದು; ನಿಜವಾದ ವುಕಾರಕ್ಕೆ ಬೇರೊಂದು ಕೊಂಬನ್ನು ಇಟ್ಟಿರುವರು. ಈ ಸೂಕ್ಷ್ಮವನ್ನು ಅರಿಯದ ಸ್ಕ್ರಿಪ್ಟಿನ ಕೈಗೆ ಸಿಕ್ಕಿದರೆ ಮಲೆ ಮಹದೇಶ್ವರನು ‘ವುಲೆ ವುಹದೇಶ್ವರ’ನಾಗುವನು. ಓಲೆಯ ಲಿಪಿಕಾರನು ಕಣ್ಣು ಮಂಜಾಗಿ ಮಕಾರ ವಕಾರಗಳನ್ನು ಬದಲಿಸಿದನು. ಗಣಕಕ್ಕೆ ಕಣ್ಣೇ ಇಲ್ಲ, ಆದರೂ ತಪ್ಪು ಅದೇ. ಭೇದವೇನೆಂದರೆ ಮನುಷ್ಯನು ಹತ್ತೆಡೆಗಳಲ್ಲಿ ಎರಡೆಡೆ ತಪ್ಪುವನು, ಗಣಕವು ಹತ್ತಕ್ಕೆ ಹತ್ತೂ ತಪ್ಪುವುದು. ಇದರಲ್ಲಿ ಒಂದು ಉಪಕಾರವೂ ಅಡಗಿದೆ. ಒಂದೇ ರೀತಿಯಲ್ಲಿ ಕೆಟ್ಟದ್ದನ್ನು ಮೂಲವಿದ್ದರೆ ಒಂದೇ ಆಜ್ಞೆಯಿಂದ ಸರಿಪಡಿಸಬಹುದು. ಮೂಲವು ನಷ್ಟವಾಗಿದ್ದರೆ ಮಾತ್ರ, ‘ಗೆಲುವು’ ಎಂಬಲ್ಲಿರುವ ವುಕಾರ ಲೇಖಕನದೋ ಕೆಟ್ಟ ಮಕಾರವೋ ಎಂದು ಪದಪದವನ್ನೂ ಓದಿಯೇ ನಿರ್ಣಯಿಸಬೇಕು. ಕಡತದ ನಡುವೆ ಲೇಖಕನು ಇಂಗ್ಲಿಷ್ ಪದವನ್ನು ಬರೆದಿದ್ದರಂತೂ ಯಾವ ಸ್ಕ್ರಿಪ್ಟಿಗೂ ಅದು ತಿಳಿಯದು. ಅಕ್ಷರಮಾದರಿಯ ಹೆಸರು ಕಳಚಿಹೋದ ಮೇಲೆ ಇಂಗ್ಲಿಷಿನ ಅಕ್ಷರವೂ ಕನ್ನಡದ ತುಂಡೂ ಒಂದೇ. ಆ ಪದವು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುವುದು.

ಸಂಕೇತದ ಪಲ್ಲಟ ಒಂದು ಬಗೆ. ಹೆಸರಿನ ಪಲ್ಲಟ ಇನ್ನೊಂದು ಬಗೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರೆಯಾಯಿತು. 2017ರ ಮುಂಗಡಪತ್ರದಲ್ಲಿ ಸಾರಿದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದಾಗಿ, ಹನೂರು, ರಾಮಾಪುರ, ಲೊಕ್ಕನಹಳ್ಳಿ ಹೋಬಳಿಗಳು ಅದಕ್ಕೆ ಸೇರಿದುವು. ಅದಕ್ಕೆ ಮೊದಲೇ, ಈ ಶತಮಾನದ ಆರಂಭದಲ್ಲಿ, ಭೂಮಿ ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿಯಾಗಿದ್ದಿತು. ಆಗ ಹನೂರು ಸೀಮೆಯ ರೈತನು ಕೊಳ್ಳೇಗಾಲ ತಾಲ್ಲೂಕಿನವನು. ಇಂತಹ ಸಂದರ್ಭದಲ್ಲಿ ‘ಕೊಳ್ಳೇಗಾಲ ತಾಲ್ಲೂಕು’ ಎಂಬುದನ್ನೆಲ್ಲ ‘ಹನೂರು ತಾಲ್ಲೂಕು’ ಎಂದು ಬದಲಿಸೆಂದು ಆಜ್ಞೆ ಮಾಡುವುದು ಗಣಕಕ್ಕೆ ಸುಲಭ, ಊರಿಗೆ ಅಪಾಯ. ಪಾಳ್ಯ ಹೋಬಳಿಯ ಹಳ್ಳಿ ಹನೂರಿಗೆ ಹೋಗಕೂಡದು. ಹೋಬಳಿಯ ಹೆಸರನ್ನು ಓದಿ ಬದಲಿಸೆಂದರೆ ಅರ್ಧ ನ್ಯಾಯ ಸಂದಂತಾಯಿತು, ಕಾಲವನ್ನೂ ನೋಡಬೇಕಷ್ಟೆ? 1950ರ ಕ್ರಯಪತ್ರದ ನಕಲಿನಲ್ಲಿ ಕೊಯಮತ್ತೂರು ಜಿಲ್ಲೆಯೆಂದೇ ಇರಬೇಕು. 1980ರ ಪತ್ರದಲ್ಲಿ ಮೈಸೂರು ಜಿಲ್ಲೆಯೆಂದೇ ಇರಬೇಕು. ಅದನ್ನು ಇಂದಿನ ಹೆಸರಿಗೆ ತಿದ್ದುವುದು ಶೋಧನೆಯಲ್ಲ, ಕೂಟಲೇಖನ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ತಿರುಗಿದಾಗಲೂ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಹಳೆಯ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡಿತು. ಕುರುಡು ಆಜ್ಞೆಗೆ ಈ ವಿವೇಕ ಎಲ್ಲಿಂದ ಬರಬೇಕು?

ವ್ಯಾಕರಣವೂ ತನ್ನ ಕಾಣಿಕೆಯನ್ನು ಕೇಳುವುದು. ಕೊಳ್ಳೇಗಾಲ ಎಂದು ಹುಡುಕಿದರೆ ಕೊಳ್ಳೇಗಾಲದಲ್ಲಿ, ಕೊಳ್ಳೇಗಾಲಕ್ಕೆ ಎಂಬುವೆಲ್ಲ ದೊರೆಯುವುವು. ಪ್ರಕೃತಿಯು ಕೆಡದೆ ಮುಂದೆ ಆಗಮವೂ ಪ್ರತ್ಯಯವೂ ಬರುವುದರಿಂದ ಹೀಗೆ. ಹನೂರು ಎಂದು ಹುಡುಕಿದರೆ ಹನೂರಿನಲ್ಲಿ ಎಂಬುದು ಸಿಕ್ಕದು. ಅಲ್ಲಿ ಉಕಾರ ಲೋಪವಾಗಿದೆ. ರಕಾರದವರೆಗೆ ಮಾತ್ರ ಹುಡುಕಬೇಕೆಂದು ಗಣಕಕ್ಕೆ ಹೇಳಿಕೊಡುವವನು ಲೋಪಸಂಧಿಯನ್ನು ಬಲ್ಲವನಾಗಿರಬೇಕು. ಯಳಂದೂರಿಗೆ ಇದರ ಜೊತೆಗೆ ಎಳಂದೂರು, ಯೆಳಂದೂರು ಎಂಬ ರೂಪಾಂತರಗಳೂ ಉಂಟು. ತಾಲ್ಲೂಕಿಗೆ ತಾಲೂಕು, ತಾಲ್ಲೋಕು. ಒಂದು ಜಿಲ್ಲೆಯ ಬರಹವನ್ನು ಹುಡುಕಿಕೊಡುವವನು ಈ ಪಾಠಾಂತರಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಹೊರಡಬೇಕು.

ಆ ಪಟ್ಟಿಯಿಂದ ಹುಡುಕಬಹುದು, ತಿದ್ದಬಾರದು. ಮಹದೇಶ್ವರನ ಕಾವ್ಯವನ್ನು ಹಾಡುವ ಕಂಸಾಳೆಯವರ ಬಾಯಲ್ಲಿ ಆತನು ಮಾದೇಶ್ವರ, ಮಾದಪ್ಪ, ಮಾದೇವ. ಈ ಸೀಮೆಯ ಆಡುಮಾತಿನಲ್ಲಿ ಪದಾದಿಯ ಹಕಾರ ಬಿದ್ದುಹೋಗಿ ಹಾಲು ಆಲಾಗುವುದು, ಹೂವು ಊವಾಗುವುದು. ಸಂಗ್ರಾಹಕರು ಶ್ರಮಪಟ್ಟು ಇದ್ದಂತೆಯೇ ಬರೆದಿಟ್ಟ ಪಾಠವನ್ನು ಗಣಕಕ್ಕೆ ಏರಿಸುವಾಗ ಏಕರೂಪತೆಯ ಮೋಹದಿಂದ ಎಲ್ಲವನ್ನೂ ಮಹದೇಶ್ವರ, ಹಾಲು, ಹೂವು ಎಂದು ಬದಲಿಸಿದರೆ ಹಾಡಿದವನ ನಾಲಗೆಯನ್ನೇ ಕತ್ತರಿಸಿದಂತಾಗುವುದು. ವಚನಗಳು ಯೂನಿಕೋಡಿಗೆ ಬಂದ ಮೇಲೆ ವಚನ ಸಂಚಯದ ಮೂಲಕ ಒಂದೊಂದು ಪದವೂ ಯಾವ ಯಾವ ವಚನಕಾರರಲ್ಲಿ ಬಂದಿದೆಯೆಂದು ಕ್ಷಣಮಾತ್ರದಲ್ಲಿ ತಿಳಿಯುವಂತಾಯಿತು. ಮಲೆಯ ಕಾವ್ಯಕ್ಕೂ ಅಂತಹ ಸೌಕರ್ಯ ಬೇಕು. ಅದರ ಪಾಠ ಹಾಡಿದಂತೆಯೇ ಇದ್ದರೆ ಮಾತ್ರ ಅದು ಸಾರ್ಥಕ.

ಓಲೆಗಳು ಜೀರ್ಣವಾದಾಗ ಹೊಸ ಪ್ರತಿಯನ್ನು ಮಾಡಿಕೊಂಡು ಹಳೆಯದನ್ನು ಹೊಳೆಗೆ ಬಿಡುವ ಪದ್ಧತಿಯಿತ್ತು. ಹೊಸ ಪ್ರತಿಯ ದೋಷವನ್ನು ಪರೀಕ್ಷಿಸಲು ಆಮೇಲೆ ಏನೂ ಉಳಿಯುತ್ತಿರಲಿಲ್ಲ. ಸೆಡ್‌ನಂತಹ ಸಾಧನಗಳಲ್ಲಿ ಮೂಲ ಕಡತದ ಮೇಲೆಯೇ ಬರೆಯುವ ಒಂದು ಸೌಕರ್ಯವುಂಟು. ಅದು ಈ ಹೊಳೆಗೆ ಬಿಡುವ ಕ್ರಿಯೆಯೇ. ಬಲ್ಲವರು ಬೇರೆ ರೀತಿ ಮಾಡುವರು. 2008ರಲ್ಲಿ ಪೈಥಾನಿನ ಮೂರನೆಯ ಆವೃತ್ತಿ ಬಂದಂದಿನಿಂದ ಆ ಭಾಷೆಯಲ್ಲಿ ಪಾಠವೆಂದರೆ ಯೂನಿಕೋಡೇ ಆಗಿರುವುದರಿಂದ ಕನ್ನಡದ ಕೆಲಸ ಮತ್ತಷ್ಟು ಹಗುರವಾಗಿದೆ. ಅದರಲ್ಲಿ ಬರೆದ ಸ್ಕ್ರಿಪ್ಟಿಗೆ ಹಳೆಯ ಕಡತವನ್ನು ಓದಲು ಮಾತ್ರ ಅಧಿಕಾರ ಕೊಟ್ಟು, ಹೊಸದನ್ನು ಬೇರೆ ಹೆಸರಿನಲ್ಲಿ ಬರೆಯಿಸುವರು. ಕೋಷ್ಟಕದಲ್ಲಿ ಸಿಕ್ಕದೆ ಉಳಿದ ತುಂಡುಗಳನ್ನೂ, ವುಕಾರದಿಂದ ಆರಂಭವಾಗುವ ಪದಗಳನ್ನೂ, ಒತ್ತು ನೇತಾಡುವ ಅಕ್ಷರಗಳನ್ನೂ ಸಾಲಿನ ಸಂಖ್ಯೆಯೊಡನೆ ಮೂರನೆಯ ಕಡತವೊಂದಕ್ಕೆ ಬರೆಯಿಸುವರು. ಕೊಳ್ಳೇಗಾಲದ ಒಂದು ಸ್ಮರಣಸಂಚಿಕೆಯೋ ಯಳಂದೂರಿನ ಒಂದು ಸ್ಥಳಪುರಾಣವೋ ಹೀಗೆ ದಾಟಿಬಂದಾಗ ಆ ಮೂರನೆಯ ಕಡತವು ಒಂದೆರಡು ಪುಟಗಳಷ್ಟಾಗಬಹುದು. ಅದನ್ನು ಮುಂದಿಟ್ಟುಕೊಂಡು, ಅಚ್ಚಾದ ಪುಸ್ತಕವನ್ನು ಪಕ್ಕದಲ್ಲಿ ತೆರೆದು, ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ತಾಳೆನೋಡುವ ಕೆಲಸ ಮನುಷ್ಯನಿಗೇ ಉಳಿದಿದೆ.